ಪುಟ್ಟಿ, ಲಾಲ್‌ಬಾಗಿಗೆ ಹೋಗು, ಆದರೆ ಮೊದಲು ಮೇಲೆ ನೋಡು

ಪುಟ್ಟಿ, ನಿನ್ನ ಮೆಸೇಜು ಈಗ ನೋಡಿದೆ. ಜನವರಿಯ ಫಲಪುಷ್ಪ ಪ್ರದರ್ಶನ ಮುಗಿದೇ ಹೋಯಿತು, ಈಗ ಲಾಲ್‌ಬಾಗಿನಲ್ಲಿ ಹೂವು ಇರುತ್ತಾ, ಹೆಜ್ಜೇನು ಬೇರೆ ಇದೆಯಂತೆ, ಮಗುವನ್ನು ಕರೆದುಕೊಂಡು ಹೋಗಬಹುದಾ ಅಂತ ಕೇಳಿದ್ದೀಯ. ನನಗೆ ಟೈಪ್ ಮಾಡಿ ಆಗುವುದಲ್ಲ, ಬಾಯಲ್ಲೇ ಹೇಳುತ್ತೇನೆ. ಪೂರ್ತಿ ಕೇಳು, ಮಧ್ಯೆ ಓಡಿಸಬೇಡ.

ಹೂವು ಇರುತ್ತಾ ಅಂದರೆ ಏನು? ಪ್ರದರ್ಶನದ್ದು ಗಾಜಿನ ಮನೆಯೊಳಗೆ ತಂದಿಟ್ಟ ಹೂವು. ಮರದ ಹೂವಿಗೆ ಈಗಲೇ ಕಾಲ. ಆದರೆ ಹೂವು ಇದ್ದಲ್ಲಿ ಜೇನು ಇರುತ್ತದೆ. ಮರದ ಕೆಳಗೆ ಚಾಪೆ ಹಾಸುವ ಮುಂಚೆ ತಲೆ ಎತ್ತಿ ನೋಡು, ಅಷ್ಟೇ ನಾನು ಹೇಳುವುದು.

ನಮ್ಮ ಕಥೆ ಗೊತ್ತಲ್ವಾ? ನಿನ್ನ ದೊಡ್ಡಪ್ಪ ಇನ್ನೂ ಬ್ಯಾಂಕಿಗೆ ಹೋಗುತ್ತಿದ್ದ ಕಾಲ. ಯುಗಾದಿ ಆದ ಭಾನುವಾರ ಎಲ್ಲರೂ ಲಾಲ್‌ಬಾಗಿಗೆ ಹೋಗಿದ್ದೆವು. ದೊಡ್ಡ ಮರ, ಒಳ್ಳೆ ನೆರಳು. ಚಿತ್ರಾನ್ನ ಬಡಿಸಿದ್ದೆ. ಯಾರೋ ಕಾಲೇಜು ಹುಡುಗರು ಮೇಲಕ್ಕೆ ಕಲ್ಲು ಬೀರಿದರು. ಕೊಂಬೆಯಡಿ ಕಪ್ಪಗೆ ನೇತಾಡುತ್ತಿದ್ದದ್ದು ಒಂದೇ ಸಲ ಅಲುಗಿತು ನೋಡು! ಒಂದು ಕಚ್ಚಿದರೆ ಅದರ ವಾಸನೆಗೆ ಉಳಿದವೂ ಅಲ್ಲಿಗೇ ಬರುತ್ತವೆ. ದೊಡ್ಡಪ್ಪ ನಮ್ಮ ದೊಡ್ಡವನ ಮುಖಕ್ಕೆ ಪಂಚೆ ಮುಚ್ಚಿ ಎತ್ತಿಕೊಂಡು ಓಡಿದರು. ಅವರ ಕಿವಿಯ ಹಿಂದೆ ಮುಳ್ಳು ನಾಟಿತ್ತು. ಅದರ ತುದಿಯ ಪುಟ್ಟ ವಿಷದ ಚೀಲ ಇನ್ನೂ ಮಿಡಿಯುತ್ತಿತ್ತು. ಬೆರಳಲ್ಲಿ ಹಿಂಡದೆ, ಅವರ ಬಸ್ ಪಾಸಿನ ಅಂಚಿನಿಂದ ಕೆರೆದು ತೆಗೆದೆ.

ಅದಕ್ಕೇ ಇನ್ನೊಂದು ಸಲ ಹೇಳುತ್ತೇನೆ, ಕೂರುವ ಮುಂಚೆ ಮೇಲೆ ನೋಡು. ಮಗುವಿನ ಕೈಯಲ್ಲಿ ಕಲ್ಲು ಕಂಡರೆ ಕಿತ್ತುಕೊ. ಜೇನು ಎದ್ದರೆ ಕೈ ಬೀಸಬೇಡ, ಮುಖ ಮುಚ್ಚಿಕೊಂಡು ದೂರ ಹೋಗು.

ಆವತ್ತು ನಮ್ಮ ಜೊತೆ ಬಂದಿದ್ದವರು ನಮ್ಮನ್ನು ಬಿಟ್ಟು ಮೊದಲೇ ಓಡಿದರು. ಯಾರು ಅಂತ ಹೇಳಲ್ಲ, ಈ ಗ್ರೂಪಿನಲ್ಲೇ ಇದ್ದಾರೆ. ಓಡುವಾಗಲೂ ನನ್ನ ಸ್ಟೀಲ್ ಕ್ಯಾರಿಯರ್ ಮಾತ್ರ ಮರೆಯದೆ ಎತ್ತಿಕೊಂಡು ಹೋದರು. ತವರಿನಲ್ಲಿ ಕೊಟ್ಟಿದ್ದು, ಮುಚ್ಚಳದ ಮೇಲೆ ನನ್ನ ಹೆಸರೂ ಕೊರೆಸಿತ್ತು. ಇವತ್ತಿನವರೆಗೂ ವಾಪಸ್ ಬಂದಿಲ್ಲ. ಮೇಲೆ ಮದುವೆ ಮನೆಗಳಲ್ಲಿ, ಇವಳು ಕಿರುಚಿದ್ದಕ್ಕೇ ಜೇನು ಎದ್ದಿತು ಅಂತ ಹೇಳಿಕೊಂಡು ತಿರುಗುತ್ತಾರೆ. ಅವರ ಮನೆ ಸತ್ಯನಾರಾಯಣ ಪೂಜೆಗೆ ಹೋದಾಗ ಅದರಲ್ಲೇ ಸಪಾದ ತುಂಬಿಟ್ಟಿದ್ದರು! ನಾನೇನೂ ಮಾತಾಡಲಿಲ್ಲ. ಹೋಗಲಿ ಬಿಡು.

ಹಾಂ, ನೀನು ಕೇಳಿದ್ದು ಹೂವಿನ ವಿಷಯ ಅಲ್ವಾ. ಈಗ ಗುಲಾಬಿ ಬಣ್ಣದ ಟಬೂಬಿಯಾ ನೋಡು, ಎಲೆಯೆಲ್ಲ ಉದುರಿಸಿ ಬರೀ ಹೂವು. ಒಂದು ಜೋರು ಮಳೆ ಬಿದ್ದರೆ ಎಲ್ಲ ನೆಲದ ಪಾಲು, ಅದಕ್ಕೇ ಮುಂದಕ್ಕೆ ಹಾಕಬೇಡ. ಯುಗಾದಿ ಹೊತ್ತಿಗೆ ಹೊಂಗೆ ಚಿಗುರಿ ಹೂ ಬಿಡುತ್ತದೆ. ಆಮೇಲೆ ನೀಲಿ ಜಕರಂದಾ, ಬೇಸಿಗೆ ಬಲಿತಾಗ ಹಳದಿ ಕಕ್ಕೆ, ಕೆಂಪು ಗುಲ್‌ಮೊಹರ್. 1760ರಲ್ಲಿ ಹೈದರಾಲಿ ಶುರು ಮಾಡಿಸಿದ ತೋಟ. ಆದರೆ ಒಂದು ಜಾತಿ ಮುಗಿಯುವಷ್ಟರಲ್ಲಿ ಇನ್ನೊಂದು ಅರಳಬೇಕು ಅಂತ ಲೆಕ್ಕ ಹಾಕಿ ಊರಿಗೆಲ್ಲ ಮರ ನೆಡಿಸಿದ್ದು ಜರ್ಮನಿಯಿಂದ ಬಂದ ತೋಟಗಾರಿಕೆ ತಜ್ಞ ಕ್ರುಂಬಿಗಲ್. ನಾಗಲಿಂಗದ ಹೂವನ್ನೂ ಮಗುವಿಗೆ ತೋರಿಸು. ಅದು ಕೊಂಬೆ ತುದಿಯಲ್ಲಲ್ಲ, ಕಾಂಡಕ್ಕೇ ಅಂಟಿಕೊಂಡು ಬಿಡುತ್ತದೆ, ಮಕ್ಕಳಿಗೆ ತಮಾಷೆ ಅನಿಸುತ್ತದೆ.

ಬೆಳಿಗ್ಗೆ 6ಕ್ಕೇ ಗೇಟು ತೆಗೆಯುತ್ತಾರೆ, ತಂಪಿನಲ್ಲೇ ಹೋಗಿ ಬಿಸಿಲೇರುವ ಮುಂಚೆ ಬಂದುಬಿಡಿ. ಹಸಿರು ಮೆಟ್ರೋದಲ್ಲಿ ಲಾಲ್‌ಬಾಗ್ ಸ್ಟೇಷನ್ನಿನಲ್ಲಿ ಇಳಿದರೆ ಪಶ್ಚಿಮ ಗೇಟು ಹತ್ತಿರ, ಕಾರು ತರಬೇಡಿ. ಮಗುವಿಗೆ ತುಂಬು ತೋಳಿನ ಅಂಗಿ ಹಾಕು, ಸೆಂಟು ಹೊಡೆದುಕೊಳ್ಳಬೇಡ. ಭಾನುವಾರ ಬೇಡ, ಜನ ಜಾಸ್ತಿ. ಮಂಗಳವಾರ ಆದರೆ ನಾನೂ ಬರುತ್ತೇನೆ, ಹೊರಡುವ ಮುಂಚೆ ಫೋನ್ ಮಾಡು.