ವೇಗ ಹೆಚ್ಚಿದಾಗ ಎನ್‌ಕೋಡರ್ ಎಣಿಕೆ ತಪ್ಪುತ್ತಿದೆ: ದೋಷ ವೈರಿಂಗಿನದೋ, ಪ್ರೋಗ್ರಾಮಿನದೋ?

ಪ್ರಶ್ನೆ:
ಲೇತ್ ಯಂತ್ರದ ಮೋಟಾರಿನ ಹಿಂಬದಿ ಶಾಫ್ಟ್‌ಗೆ, ಒಂದು ಸುತ್ತಿಗೆ 1024 ಪಲ್ಸ್ ಕೊಡುವ ಇನ್‌ಕ್ರಿಮೆಂಟಲ್ ಎನ್‌ಕೋಡರ್ (ಶಾಫ್ಟ್ ತಿರುಗಿದಷ್ಟು ಪಲ್ಸ್ ಕಳಿಸುವ ಸಂವೇದಕ) ಅಳವಡಿಸಿದ್ದೇನೆ. ಲೇಬಲ್ಲಿನಲ್ಲಿ ಎನ್‌ಪಿಎನ್ ಓಪನ್ ಕಲೆಕ್ಟರ್ ಎಂದಿದೆ. ಸಪ್ಲೈ 12 ವೋಲ್ಟ್. ಕಾಲು ಚಕ್ರದ ಅಂತರದಲ್ಲಿ ಏರಿಳಿಯುವ ಎ, ಬಿ ಎರಡೂ ಸಿಗ್ನಲ್ ತಂತಿಗಳು 12 ಮೀಟರ್ ಕೇಬಲ್ ಮೂಲಕ ಇಎಸ್‌ಪಿ32 ಮೈಕ್ರೋಕಂಟ್ರೋಲರಿಗೆ ಬರುತ್ತವೆ, ಅಲ್ಲಿ 10 ಕಿಲೋಓಮ್‌ನಿಂದ 3.3 ವೋಲ್ಟ್‌ಗೆ ಪುಲ್-ಅಪ್ ಕೊಟ್ಟಿದ್ದೇನೆ. ಮೋಟಾರು ನಿಧಾನವಾಗಿ ತಿರುಗುವಾಗ ಸುತ್ತಿಗೆ 4096 ಎಣಿಕೆ (ಎ, ಬಿ ಸೇರಿ ಪಲ್ಸಿಗೆ ನಾಲ್ಕು ಅಂಚು) ಸರಿಯಾಗಿ ಬರುತ್ತದೆ. ನಿಮಿಷಕ್ಕೆ ಸುಮಾರು 900 ಸುತ್ತು ದಾಟಿದೊಡನೆ ಎಣಿಕೆ ಹಿಂದುಮುಂದಾಗುತ್ತದೆ, 1440ರಲ್ಲಂತೂ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಎಲ್ಲಿ ತಪ್ಪಿದೆ?

ಮೊದಲ ಉತ್ತರ:
ವಿಎಫ್‌ಡಿಯ (ಮೋಟಾರಿನ ವೇಗ ಬದಲಿಸುವ ಡ್ರೈವ್) ನಾಯ್ಸ್ ಇರಬೇಕು. ಇಎಸ್‌ಪಿ32 ಒಳಗಿನ ಪಲ್ಸ್ ಕೌಂಟರಿನ ಗ್ಲಿಚ್ ಫಿಲ್ಟರನ್ನು (ತೀರಾ ಚಿಕ್ಕ ಪಲ್ಸ್‌ಗಳನ್ನು ಕಡೆಗಣಿಸುವ ಸೆಟ್ಟಿಂಗ್) ಗರಿಷ್ಠಕ್ಕೆ ಏರಿಸಿ ನೋಡಿ.

ಎರಡನೆಯ ಉತ್ತರ:
ದಯವಿಟ್ಟು ಹಾಗೆ ಮಾಡಬೇಡಿ. ಆ ಫಿಲ್ಟರಿನ ಗರಿಷ್ಠ ಮಿತಿ 12.8 ಮೈಕ್ರೋಸೆಕೆಂಡ್, ಅಷ್ಟಕ್ಕೆ ಏರಿಸಿದರೆ ಉಳಿದಿರುವ ನಿಜವಾದ ಪಲ್ಸ್‌ಗಳೂ ಅಳಿಸಿಹೋಗುತ್ತವೆ. ನಾಯ್ಸ್ ಆಗಿದ್ದರೆ ಮೋಟಾರು ನಿಧಾನವಾಗಿದ್ದಾಗಲೂ ಎಣಿಕೆ ಕೆಡಬೇಕಿತ್ತು. ಇಲ್ಲಿ ವೇಗದ ಒಂದು ನಿರ್ದಿಷ್ಟ ಮಿತಿಯಲ್ಲಿ ಕೆಡುತ್ತಿರುವುದರಿಂದ ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಓಪನ್ ಕಲೆಕ್ಟರ್ ಔಟ್‌ಪುಟ್ ತಂತಿಯನ್ನು ಕೆಳಕ್ಕೆ ಎಳೆಯಬಲ್ಲದೇ ಹೊರತು ಮೇಲಕ್ಕೆ ಎತ್ತಲಾರದು. ಎತ್ತುವ ಕೆಲಸ ಪೂರಾ ನಿಮ್ಮ ಪುಲ್-ಅಪ್ ರೆಸಿಸ್ಟರಿನದು, ಮತ್ತು ಅದು ಎತ್ತಬೇಕಾದದ್ದು ಇಡೀ ಕೇಬಲ್ಲಿನ ಕೆಪ್ಯಾಸಿಟೆನ್ಸನ್ನು. ಮೀಟರಿಗೆ 100 ಪಿಕೋಫ್ಯಾರಡ್ ಎಂದು ಹಿಡಿದರೂ 12 ಮೀಟರಿಗೆ 1.2 ನ್ಯಾನೋಫ್ಯಾರಡ್ ಆಗುತ್ತದೆ. 10 ಕಿಲೋಓಮ್ ಜೊತೆ ಸೇರಿದರೆ ಕಾಲಸ್ಥಿರಾಂಕ (ವೋಲ್ಟೇಜು ಎಷ್ಟು ನಿಧಾನ ಏರುತ್ತದೆ ಎಂಬುದರ ಅಳತೆ) 12 ಮೈಕ್ರೋಸೆಕೆಂಡ್. ಇಎಸ್‌ಪಿ32 ಖಾತರಿಯಾಗಿ 'ಹೈ' ಎಂದು ಓದಲು ಸುಮಾರು 2.5 ವೋಲ್ಟ್ ಬೇಕು, ಅಲ್ಲಿಗೆ ಏರಲು ಹತ್ತಿರ ಹತ್ತಿರ 17 ಮೈಕ್ರೋಸೆಕೆಂಡ್ ಹಿಡಿಯುತ್ತದೆ. 1440 ಸುತ್ತಿನಲ್ಲಿ ಎ ಮತ್ತು ಬಿ ಅಂಚುಗಳ ನಡುವಿನ ಅಂತರ ಬರೀ 10 ಮೈಕ್ರೋಸೆಕೆಂಡ್. ಅಂದರೆ ಎರಡೂ ಒಟ್ಟಿಗೆ ಮೇಲಿರಬೇಕಾದ ಸ್ಥಿತಿ ಕೌಂಟರಿಗೆ ಕಾಣುವುದೇ ಇಲ್ಲ, ಅದು ಒಂದು ಹೆಜ್ಜೆ ಮುಂದೆ ಎಣಿಸಿ ಮರುಕ್ಷಣವೇ ಹಿಂದಕ್ಕೆ ಕಳೆಯುತ್ತದೆ. ಇದೇ ಲೆಕ್ಕದ ಪ್ರಕಾರ, ಏರುವ ಸಮಯವೂ ಅಂಚುಗಳ ಅಂತರವೂ ಸಮನಾಗುವ ಮಿತಿ ಸುಮಾರು 875 ಸುತ್ತಿಗೆ ಬರುತ್ತದೆ. ನೀವು ಹೇಳಿದ 900ಕ್ಕೆ ಇದು ಎಷ್ಟು ಹತ್ತಿರವಿದೆ ನೋಡಿ.

ಸದ್ಯಕ್ಕೆ ಪುಲ್-ಅಪ್ಪನ್ನು 1 ಕಿಲೋಓಮ್‌ಗೆ ಇಳಿಸಿ. ಎನ್‌ಕೋಡರ್ ಹೀರಬೇಕಾದ ಕರೆಂಟು 3.3 ಮಿಲಿಆಂಪ್ ಮಾತ್ರ, ಸಾಮಾನ್ಯವಾಗಿ ಯಾವ ಎನ್‌ಕೋಡರಿಗೂ ಇದು ಹೊರೆಯಲ್ಲ. ಐಸೊಲೇಷನ್ (ಎರಡು ಕಡೆಯ ಸರ್ಕ್ಯೂಟುಗಳಿಗೆ ನೇರ ವಿದ್ಯುತ್ ಸಂಪರ್ಕವಿಲ್ಲದಂತೆ ಮಾಡುವುದು) ಬೇಕೆಂದರೆ ವೇಗದ ಆಪ್ಟೋಕಪ್ಲರ್ 6ಎನ್137 ಹಾಕಿ. ಮೂಲೆಯಲ್ಲಿ ಬಿದ್ದಿರುವ ಸಾಮಾನ್ಯ ಆಪ್ಟೋಕಪ್ಲರ್ ಪಿಸಿ817 ಈ ವೇಗಕ್ಕೆ ಆಗಿಬರುವುದಿಲ್ಲ.

ಆದರೂ ವಿಎಫ್‌ಡಿ ಪಕ್ಕದಲ್ಲಿ 12 ಮೀಟರ್ ದೂರಕ್ಕೆ ಸರಿಯಾದ ಆಯ್ಕೆಯೆಂದರೆ ಆರ್‌ಎಸ್-422 ಲೈನ್ ಡ್ರೈವರ್ (ಸಿಗ್ನಲನ್ನು ಎರಡು ತಂತಿಗಳ ವೋಲ್ಟೇಜು ವ್ಯತ್ಯಾಸವಾಗಿ ಕಳಿಸುವ ಸರ್ಕ್ಯೂಟ್) ಇರುವ ಎನ್‌ಕೋಡರ್: ಪ್ರತಿ ಚಾನೆಲ್‌ಗೆ ಒಂದು ಹೆಣೆದ ಜೋಡಿ ತಂತಿ, ಈ ತುದಿಯಲ್ಲಿ ಜೋಡಿಗೊಂದರಂತೆ 120 ಓಮ್ ಟರ್ಮಿನೇಷನ್ ರೆಸಿಸ್ಟರ್, 3.3 ವೋಲ್ಟ್‌ನಲ್ಲಿ ನಡೆಯುವ ಎಎಮ್26ಎಲ್‌ವಿ32 ರಿಸೀವರ್. ಡ್ರೈವರ್ ಕನಿಷ್ಠ 2 ವೋಲ್ಟ್ ವ್ಯತ್ಯಾಸ ಕೊಡುತ್ತದೆ, ರಿಸೀವರಿಗೆ 200 ಮಿಲಿವೋಲ್ಟ್ ಸಾಕು. ನಾಯ್ಸ್ ತಾಳಿಕೆ ಬರುವುದು ಈ ಅಂತರದಿಂದ.

ಮೂರನೆಯ ಉತ್ತರ:
ಒಂದು ಎಚ್ಚರಿಕೆ ಸೇರಿಸುತ್ತೇನೆ. 5 ವೋಲ್ಟ್‌ನ ಲೈನ್ ಡ್ರೈವರ್ ಎನ್‌ಕೋಡರ್ ಮೂರು ಚಾನೆಲ್‌ಗಳ (ಎ, ಬಿ ಮತ್ತು ಸುತ್ತಿಗೊಮ್ಮೆ ಬರುವ ಝಡ್) ಟರ್ಮಿನೇಷನ್ ಸೇರಿ 150 ಮಿಲಿಆಂಪ್ ತೆಗೆದುಕೊಳ್ಳಬಹುದು. 0.14 ಚದರ ಮಿಲಿಮೀಟರ್ ತಂತಿಯಲ್ಲಿ ಹೋಗಿಬರುವ 24 ಮೀಟರಿಗೆ ಸುಮಾರು 3 ಓಮ್ ಆಗುವುದರಿಂದ ಎನ್‌ಕೋಡರ್ ತುದಿಯಲ್ಲಿ ಉಳಿಯುವುದು ಸುಮಾರು 4.55 ವೋಲ್ಟ್, ಹಲವು ಎನ್‌ಕೋಡರ್‌ಗಳಿಗೆ ಕನಿಷ್ಠ 4.75 ಬೇಕು. ಸಪ್ಲೈಗೆ ಎರಡೆರಡು ತಂತಿ ಜೋಡಿಸಿ, ಇಲ್ಲವೇ 10ರಿಂದ 30 ವೋಲ್ಟ್ ಸಪ್ಲೈ ತೆಗೆದುಕೊಂಡು ಆರ್‌ಎಸ್-422 ಕೊಡುವ ಮಾದರಿಯನ್ನೇ ಕೊಳ್ಳಿ.

ಪ್ರಶ್ನೆ ಕೇಳಿದವರು:
ಆಸಿಲೋಸ್ಕೋಪ್ ಹಿಡಿದು ನೋಡಿದೆ. ಚೌಕ ಅಲೆ ಇರಬೇಕಾದ ಕಡೆ ಗರಗಸದ ಹಲ್ಲಿನಂಥ ಆಕಾರವಿತ್ತು, ಒಂದು ಕಡೆ ಓರೆ, ಇನ್ನೊಂದು ಕಡೆ ನೆಟ್ಟಗೆ. 1 ಕಿಲೋಓಮ್ ಹಾಕಿದ ಮೇಲೆ 1440ರಲ್ಲಿಯೂ ಸುತ್ತಿಗೆ 4096 ಬರುತ್ತಿದೆ. ಮೋಟಾರು ಸ್ಟಾರ್ಟ್ ಆಗುವ ಕ್ಷಣದಲ್ಲಿ ಮಾತ್ರ ಒಮ್ಮೊಮ್ಮೆ ಒಂದೆರಡು ಎಣಿಕೆ ಹೆಚ್ಚುತ್ತದೆ, ಆದ್ದರಿಂದ 24 ವೋಲ್ಟ್ ಸಪ್ಲೈನ ಲೈನ್ ಡ್ರೈವರ್ ಮಾದರಿಗೆ ಬೆಲೆ ವಿಚಾರಿಸಿದ್ದೇನೆ.