ಟ್ಯಾಬ್ ಒತ್ತಿದರೆ ಬೀಪ್, ಶಿಫ್ಟ್ ಹಿಡಿದರೆ ಕೀಬೋರ್ಡೇ ಸತ್ತಂತೆ (ಡೆಬಿಯನ್ 12, ಗ್ನೋಮ್)

ಕೀಲಿಮಣೆ_ಕಲಿಕೆ:

ಗ್ರಂಥಾಲಯದ ಆರು ಡೆಸ್ಕ್‌ಟಾಪ್‌ಗಳು. ಎಲ್ಲದರಲ್ಲೂ ಡೆಬಿಯನ್ 12 (ಲಿನಕ್ಸ್), ಅದರ ಡೆಸ್ಕ್‌ಟಾಪ್ ಗ್ನೋಮ್ 43, ಪರದೆ ನಡೆಸುವುದು ವೇಲ್ಯಾಂಡ್. ಬಂದವರೆಲ್ಲ ಒಂದೇ ಲಾಗಿನ್ ಖಾತೆ ಬಳಸುತ್ತಾರೆ. ಕನ್ನಡಕ್ಕೆ ಐಬಸ್‌ನಲ್ಲಿ (ಬೇರೆ ಬೇರೆ ಭಾಷೆ ಟೈಪ್ ಮಾಡಿಸುವ ತಂತ್ರಾಂಶ) ಇನ್‌ಸ್ಕ್ರಿಪ್ಟ್ ಕೀ ವಿನ್ಯಾಸ ಹಾಕಿದೆ. ತೊಂದರೆ ಮೂರು.

ಟರ್ಮಿನಲ್‌ನಲ್ಲಿ ಟ್ಯಾಬ್ ಒತ್ತಿ ಹೆಸರು ಪೂರ್ತಿಯಾಗದಿದ್ದರೆ ಸ್ಪೀಕರ್‌ನಿಂದ ಸದ್ದು ಬರುತ್ತದೆ.

ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ಕಪ್ಪು ಪರದೆಗೆ ಹೋದರೆ ಕ್ಯಾಬಿನೆಟ್ ಒಳಗಿಂದಲೇ ಕೀರಲು ಬೀಪ್. ವಾಲ್ಯೂಮ್ ಸೊನ್ನೆಗೆ ಇಳಿಸಿದರೂ ನಿಲ್ಲುವುದಿಲ್ಲ.

ಮೂರನೆಯದೇ ದೊಡ್ಡದು. ಕನ್ನಡ ಟೈಪಿಂಗ್ ಕಲಿಯುವವರು ಕೂತಾಗ ನಡುವೆ ಒಂದು ಬೀಪ್ ಬರುತ್ತದೆ, ಆಮೇಲೆ ಕೀ ಒತ್ತಿದರೆ ಅಕ್ಷರವೇ ಮೂಡುವುದಿಲ್ಲ. ಒತ್ತಿ ಹಿಡಿದರೆ ಮಾತ್ರ ಒಂದೊಂದಾಗಿ ಬರುತ್ತದೆ. ಕೀಬೋರ್ಡ್ ಬದಲಿಸಿದರೂ ಹಾಗೇ, ರೀಸ್ಟಾರ್ಟ್ ಮಾಡಿದರೂ ಹಾಗೇ.

ಮಾಡಿ ನೋಡಿದ್ದು: ಬೀಪ್ ನಿಲ್ಲಿಸುವ ‘ಎಕ್ಸ್‌ಸೆಟ್ ಬಿ ಆಫ್’ ಕಮಾಂಡ್ ಕೊಟ್ಟರೆ ಏನೂ ಬದಲಾಗಲಿಲ್ಲ. ಮಾಡ್‌ಪ್ರೋಬ್.ಡಿ ಫೋಲ್ಡರಿನಲ್ಲಿ ‘ನೋಬೀಪ್’ ಎಂಬ ಫೈಲ್ ಮಾಡಿ ಪಿಸಿ ಸ್ಪೀಕರ್ ನಡೆಸುವ ಮಾಡ್ಯೂಲನ್ನು ಬ್ಲ್ಯಾಕ್‌ಲಿಸ್ಟ್ ಮಾಡಿದೆ (ತಾನಾಗಿ ಲೋಡ್ ಆಗದಂತೆ ತಡೆದೆ), ಅದೂ ಫಲ ಕೊಡಲಿಲ್ಲ.

---

ತುಂಗಾತೀರ:

ಮೂರಕ್ಕೂ ಕಾರಣ ಬೇರೆ ಬೇರೆ. ಒಂದೇ ಸ್ವಿಚ್ಚಿಗೆ ಹುಡುಕಿದರೆ ಸಿಗುವುದಿಲ್ಲ. ಮೂರನೆಯದನ್ನು ಮೊದಲು ಹಿಡಿಯೋಣ.

ಕೀಬೋರ್ಡ್ ಕೆಟ್ಟಿಲ್ಲ. ಸ್ಲೋ ಕೀಸ್ ಆನ್ ಆಗಿದೆ. ಕೈ ನಡುಗುವವರಿಗೆ ಬೆರಳು ತಾಗಿದ ಕೀ ಎಲ್ಲ ಅಕ್ಷರವಾಗಬಾರದು ಎಂದು ಮಾಡಿದ ಸೌಲಭ್ಯ ಅದು. ಕೀಯನ್ನು ಇಷ್ಟು ಹೊತ್ತು ಹಿಡಿದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಗ್ನೋಮ್‌ನಲ್ಲಿ ಮೊದಲೇ ಇಟ್ಟಿರುವ ಅವಧಿ 300 ಮಿಲಿಸೆಕೆಂಡ್. ಸಾಮಾನ್ಯ ವೇಗದಲ್ಲಿ ಟೈಪ್ ಮಾಡುವವರ ಬೆರಳು ಅಷ್ಟು ಹೊತ್ತು ಕೀ ಮೇಲೆ ನಿಲ್ಲುವುದಿಲ್ಲ, ಹಾಗಾಗಿ ಪರದೆ ಖಾಲಿ.

ಆನ್ ಆಗುವುದು ಹೇಗೆ? ಬೇರೆ ಯಾವ ಕೀಯನ್ನೂ ಒತ್ತದೆ ಶಿಫ್ಟನ್ನು 8 ಸೆಕೆಂಡ್ ಹಿಡಿದರೆ ಸಾಕು. ಇನ್‌ಸ್ಕ್ರಿಪ್ಟ್ ಕಲಿಯುವವರ ಕೈ ನೋಡಿ: ‘ಧ’ ಬೇಕು, ಅದು ಶಿಫ್ಟ್‌ನಲ್ಲಿದೆ ಎಂಬುದು ನೆನಪಿದೆ, ಯಾವ ಕೀ ಎಂಬುದು ನೆನಪಿಲ್ಲ. ಎಡಗೈ ಕಿರುಬೆರಳು ಶಿಫ್ಟ್ ಮೇಲೆ ಕೂತಿರುತ್ತದೆ, ಕಣ್ಣು ಸಾಲು ಸಾಲಾಗಿ ಹುಡುಕುತ್ತಿರುತ್ತದೆ. ಇಂಗ್ಲಿಷ್‌ನ ಓ ಕೀ ಸಿಗುವಷ್ಟರಲ್ಲಿ 8 ಸೆಕೆಂಡ್ ಆಗಿಹೋಗಿರುತ್ತದೆ. ಖ, ಘ, ಥ, ಭ ಅಷ್ಟೇ ಅಲ್ಲ, ದಿನಬಳಕೆಯ ‘ಳ’ ಮತ್ತು ‘ಶ’ ಕೂಡ ಶಿಫ್ಟ್‌ನಲ್ಲೇ ಇವೆ. ಕನ್ನಡ ಕಲಿಯುವವರಿಗೇ ಇದು ಹೆಚ್ಚು ಕಾಡುವುದು ಅದಕ್ಕೇ.

ಆ ಹೊತ್ತಿಗೆ ಪರದೆ ಮೇಲೆ ಒಂದು ಪೆಟ್ಟಿಗೆಯೂ ಬರುತ್ತದೆ. ಶಿಫ್ಟನ್ನು 8 ಸೆಕೆಂಡ್ ಹಿಡಿದಿದ್ದೀರಿ, ಸ್ಲೋ ಕೀಸ್ ಆನ್ ಆಗಿದೆ ಎಂದು ಇಂಗ್ಲಿಷ್‌ನಲ್ಲಿ ಹೇಳಿ ‘ಲೀವ್ ಆನ್’, ‘ಟರ್ನ್ ಆಫ್’ ಎಂಬ ಎರಡು ಬಟನ್ ಕೊಡುತ್ತದೆ. ಓದದೆ ‘ಲೀವ್ ಆನ್’ ಒತ್ತಿದರೆ ಅದು ಖಾತೆಯ ಸೆಟ್ಟಿಂಗ್‌ನಲ್ಲೇ ಬರೆದುಕೊಳ್ಳುತ್ತದೆ. ರೀಸ್ಟಾರ್ಟ್‌ಗೆ ಹೋಗದಿರುವುದಕ್ಕೆ ಕಾರಣ ಇದೇ.

ತಕ್ಷಣಕ್ಕೆ ಸರಿಮಾಡಲು ಶಿಫ್ಟನ್ನು ಮತ್ತೆ 8 ಸೆಕೆಂಡ್ ಹಿಡಿದು, ಬರುವ ಪೆಟ್ಟಿಗೆಯಲ್ಲಿ ಆಫ್ ಆಯ್ಕೆಯನ್ನೇ ಒತ್ತಿ. ಕಾಯಂ ಮಾಡಲು ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ಅಲ್ಲಿ ಟೈಪಿಂಗ್ ಅಸಿಸ್ಟ್ (ಹೊಸ ಗ್ನೋಮ್‌ಗಳಲ್ಲಿ ಬರೀ ‘ಟೈಪಿಂಗ್’ ಎಂಬ ಪುಟ) ತೆರೆಯಿರಿ. ಸ್ಲೋ ಕೀಸ್ ಆಫ್ ಮಾಡಿ, ಮೇಲೆ ಇರುವ ‘ಎನೇಬಲ್ ಬೈ ಕೀಬೋರ್ಡ್’ ಕೂಡ ಆಫ್ ಮಾಡಿ. ಶಿಫ್ಟ್ ಹಿಡಿದಾಗ ಜಾಗೃತವಾಗುವುದು ಈ ಎರಡನೆಯ ಸ್ವಿಚ್ಚಿನಿಂದ. ಗ್ನೋಮ್‌ನಲ್ಲಿ ಅದು ಮೊದಲಿಗೆ ಆಫ್ ಇರುತ್ತದೆ, ಅಂದರೆ ನಿಮ್ಮ ಖಾತೆಯಲ್ಲಿ ಯಾರೋ ಆನ್ ಮಾಡಿದ್ದಾರೆ.

ಇದೇ ಸ್ವಿಚ್ಚಿನ ಕೆಳಗೆ ಇನ್ನೊಂದು ಅಡಗಿದೆ: ಶಿಫ್ಟನ್ನು ಬಿಡಿಬಿಡಿಯಾಗಿ 5 ಸಲ ಒತ್ತಿದರೆ ಸ್ಟಿಕಿ ಕೀಸ್. ಆಗ ಶಿಫ್ಟ್ ಒತ್ತಿ ಬಿಟ್ಟರೂ ಮುಂದಿನ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ, ಕ ಬೇಕೆಂದವರಿಗೆ ಖ ಬರುತ್ತದೆ. ಎರಡು ಕೀ ಒಟ್ಟಿಗೆ ಒತ್ತಿದರೆ ತಾನೇ ಆಫ್ ಆಗುವಂತೆಯೂ ಇರುತ್ತದೆ. ‘ಒಮ್ಮೊಮ್ಮೆ ಹೀಗೆ, ತಾನೇ ಸರಿಹೋಗುತ್ತೆ’ ಎನ್ನುವ ದೂರು ಬಂದರೆ ಮೊದಲು ಇದನ್ನೇ ನೋಡಿ.

---

ಕಪ್ಪು_ಪರದೆ:

ಉಳಿದ ಎರಡು ಬೀಪ್ ಬಗ್ಗೆ. ಕಮಾಂಡ್‌ಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಹೊಡೆಯಿರಿ.

ಯಾವುದೇ ಬೀಪ್ ಬಂದರೂ ಮೊದಲು ಹೆಡ್‌ಫೋನ್ ಚುಚ್ಚಿ ನೋಡಿ. ಸದ್ದು ಹೆಡ್‌ಫೋನ್‌ಗೆ ಬಂತೋ, ಅದು ಸೌಂಡ್ ಕಾರ್ಡ್ ಮೂಲಕ ಬರುತ್ತಿದೆ. ಹೆಡ್‌ಫೋನ್ ಇದ್ದರೂ ಕ್ಯಾಬಿನೆಟ್ಟೇ ಕೂಗಿತೋ, ಅದು ಮದರ್‌ಬೋರ್ಡಿಗೆ ಸಿಕ್ಕಿಸಿದ ಪುಟ್ಟ ಸ್ಪೀಕರ್. ವಾಲ್ಯೂಮ್ ಸ್ಲೈಡರ್‌ಗೂ ಅದಕ್ಕೂ ಸಂಬಂಧವಿಲ್ಲ, ಮದರ್‌ಬೋರ್ಡಿನ ಟೈಮರ್ ಚಿಪ್ ನೇರವಾಗಿ ನಡೆಸುತ್ತದೆ. ಲಿನಕ್ಸ್ ಕನ್ಸೋಲ್‌ನ ಬೀಪ್ ಮೊದಲಿಗೆ 750 ಹರ್ಟ್ಜ್, 125 ಮಿಲಿಸೆಕೆಂಡ್. ಕಿವಿಗೆ ಚುಚ್ಚುವುದು ಅದಕ್ಕೇ.

ನಿಮ್ಮ ಬ್ಲ್ಯಾಕ್‌ಲಿಸ್ಟ್ ಸೋತದ್ದು ಫೈಲ್ ಹೆಸರಿನಿಂದ. ಮಾಡ್‌ಪ್ರೋಬ್.ಡಿ ಒಳಗಿನ ಫೈಲ್ ‘.ಕಾನ್ಫ್’ ಎಂದು ಮುಗಿಯದಿದ್ದರೆ ಅದನ್ನು ಓದುವುದೇ ಇಲ್ಲ, ಎಚ್ಚರಿಕೆಯನ್ನೂ ಕೊಡುವುದಿಲ್ಲ. ಹೆಸರನ್ನು ‘ನೋಬೀಪ್.ಕಾನ್ಫ್’ ಮಾಡಿ. ಒಳಗೆ ಒಂದೇ ಸಾಲು:

ಬ್ಲ್ಯಾಕ್‌ಲಿಸ್ಟ್ ಪಿಸಿಎಸ್‌ಪಿಕೆಆರ್

ಮಾಡ್ಯೂಲ್ ಹೆಸರು ಪಿ, ಸಿ, ಎಸ್, ಪಿ, ಕೆ, ಆರ್, ಅಷ್ಟೇ ಆರು ಅಕ್ಷರ. ‘ಸ್ಪೀಕರ್’ ಎಂದು ಪೂರ್ತಿ ಬರೆದರೆ ಕೆಲಸ ಮಾಡದು. ರೀಸ್ಟಾರ್ಟ್‌ಗೆ ಕಾಯದೆ ಈಗಲೇ ಇಳಿಸಲು:

ಸುಡೊ ಆರ್‌ಎಂಮಾಡ್ ಪಿಸಿಎಸ್‌ಪಿಕೆಆರ್

ಆಮೇಲೆ ‘ಎಲ್‌ಎಸ್‌ಮಾಡ್’ ಕೊಟ್ಟು ಪಟ್ಟಿಯಲ್ಲಿ ಅದು ಇಲ್ಲವೆಂದು ಖಚಿತ ಮಾಡಿಕೊಳ್ಳಿ. ಉಬುಂಟುವಿನಲ್ಲಿ ಈ ಮಾಡ್ಯೂಲ್ ಮೊದಲೇ ಬ್ಲ್ಯಾಕ್‌ಲಿಸ್ಟ್ ಆಗಿ ಬರುತ್ತದೆ, ಡೆಬಿಯನ್‌ನಲ್ಲಿ ನಾವೇ ಮಾಡಬೇಕು. ಪೂರ್ತಿ ಮುಚ್ಚುವುದು ಬೇಡ, ಮೆಲ್ಲಗಾದರೆ ಸಾಕು ಎನ್ನುವವರು ಮಾಡ್ಯೂಲನ್ನು ಹಾಗೇ ಬಿಟ್ಟು ಆ ಕಪ್ಪು ಪರದೆಯಲ್ಲಿ ‘ಸೆಟ್‌ಟರ್ಮ್ --ಬಿಫ್ರೆಕ್ 300 --ಬಿಲೆಂತ್ 30’ ಕೊಡಬಹುದು. ಬಿಲೆಂತ್ 0 ಅಂದರೆ ಮೌನ.

ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಇದೇ ಬೀಪ್ ಸೌಂಡ್ ಚಿಪ್ ಮೂಲಕ ಹೆಡ್‌ಫೋನ್‌ಗೂ ಬರುತ್ತದೆ, ಆಗ ಮೇಲಿನ ಪರೀಕ್ಷೆ ದಾರಿ ತಪ್ಪಿಸುತ್ತದೆ. ‘ಆಲ್ಸಾಮಿಕ್ಸರ್’ ತೆರೆದು ಎಫ್6 ಒತ್ತಿ ಕಾರ್ಡ್ ಆರಿಸಿ, ‘ಬೀಪ್’ ಎಂಬ ಕಂಬಕ್ಕೆ ಹೋಗಿ ಎಂ ಒತ್ತಿ. ಕೆಳಗೆ ಎರಡು ಎಂ ಕಂಡರೆ ಮುಚ್ಚಿದೆ ಎಂದರ್ಥ.

ಈಗ ಟ್ಯಾಬ್ ಸದ್ದು. ಅದು ಬ್ಯಾಶ್ (ಟರ್ಮಿನಲ್‌ನಲ್ಲಿ ಕಮಾಂಡ್ ಓದಿ ನಡೆಸುವ ಪ್ರೋಗ್ರಾಂ) ಕಳಿಸುವ ಗಂಟೆ ಅಕ್ಷರ, ಆಸ್ಕಿಯಲ್ಲಿ 7ನೆಯದು. ಹೊಂದುವ ಹೆಸರು ಇಲ್ಲದಿದ್ದರೆ, ಅಥವಾ ಒಂದಕ್ಕಿಂತ ಹೆಚ್ಚು ಇದ್ದರೆ ಬ್ಯಾಶ್ ಅದನ್ನು ಕಳಿಸುತ್ತದೆ, ಟರ್ಮಿನಲ್ ಅದನ್ನು ಸದ್ದಾಗಿಸುತ್ತದೆ. ವೇಲ್ಯಾಂಡ್‌ನಲ್ಲಿ ಎಕ್ಸ್‌ಸೆಟ್‌ನ ಮಾತು ಎಕ್ಸ್‌ವೇಲ್ಯಾಂಡ್‌ವರೆಗೆ (ಹಳೆಯ ಎಕ್ಸ್ ಪ್ರೋಗ್ರಾಂಗಳಿಗಾಗಿ ಇರುವ ಸೇತುವೆ) ಮಾತ್ರ ಹೋಗುತ್ತದೆ, ಗ್ನೋಮ್ ಟರ್ಮಿನಲ್‌ಗೆ ತಲುಪುವುದಿಲ್ಲ. ಸುಲಭದ ದಾರಿ: ಟರ್ಮಿನಲ್‌ನ ಪ್ರಿಫರೆನ್ಸಸ್, ನಿಮ್ಮ ಪ್ರೊಫೈಲ್, ಟೆಕ್ಸ್ಟ್ ಟ್ಯಾಬ್, ‘ಟರ್ಮಿನಲ್ ಬೆಲ್’ ಗುರುತು ತೆಗೆಯಿರಿ. ಎಸ್‌ಎಸ್‌ಎಚ್ ಮೂಲಕ ಬೇರೆ ಸರ್ವರ್‌ಗೆ ಹೋದಾಗಿನ ಬೀಪ್ ಕೂಡ ಇದರಿಂದಲೇ ನಿಲ್ಲುತ್ತದೆ, ಏಕೆಂದರೆ ಗಂಟೆ ಎಲ್ಲಿಂದ ಬಂದರೂ ಬಾರಿಸುವುದು ಇಲ್ಲಿನ ಟರ್ಮಿನಲ್.

ಎಲ್ಲ ಟರ್ಮಿನಲ್‌ಗಳಿಗೂ ಒಟ್ಟಿಗೆ ಬೇಕಾದರೆ ಇಟಿಸಿ ಫೋಲ್ಡರಿನ ‘ಇನ್‌ಪುಟ್‌ಆರ್‌ಸಿ’ ಫೈಲ್ ತೆರೆಯಿರಿ. ಡೆಬಿಯನ್‌ನಲ್ಲಿ ‘ಸೆಟ್ ಬೆಲ್-ಸ್ಟೈಲ್ ನನ್’ ಎಂಬ ಸಾಲು ಅಲ್ಲೇ ಇದೆ, ಮುಂದಿನ ಹ್ಯಾಶ್ ಅಳಿಸಿದರೆ ಆಯಿತು. ಹೋಮ್ ಫೋಲ್ಡರಿನಲ್ಲಿ ಹೊಸದಾಗಿ ಚುಕ್ಕಿ ಇನ್‌ಪುಟ್‌ಆರ್‌ಸಿ ಮಾಡುವವರು ಒಂದು ಗಮನಿಸಿ: ಅದು ಇದ್ದರೆ ಇಟಿಸಿಯದನ್ನು ಓದುವುದಿಲ್ಲ. ಮೊದಲ ಸಾಲಿನಲ್ಲಿ ಡಾಲರ್ ಚಿಹ್ನೆ ಹಾಕಿ ‘ಇನ್‌ಕ್ಲೂಡ್’ ಎಂದು ಬರೆದು ಇಟಿಸಿ ಫೈಲಿನ ದಾರಿ ಕೊಡಿ. ಇಲ್ಲದಿದ್ದರೆ ಅಲ್ಲಿ ಬರೆದಿರುವ ಉಳಿದ ಕೀ ಹೊಂದಿಕೆಗಳೆಲ್ಲ ಕೈಬಿಟ್ಟುಹೋಗುತ್ತವೆ.

---

ಕೀಲಿಮಣೆ_ಕಲಿಕೆ:

ಫೈಲಿಗೆ ಕಾನ್ಫ್ ಸೇರಿಸಿದ ಮೇಲೆ ಕ್ಯಾಬಿನೆಟ್ ಸುಮ್ಮನಾಯಿತು. ಸ್ಲೋ ಕೀಸ್ ನಾಲ್ಕು ಮೆಷಿನ್‌ನಲ್ಲಿ ಆನ್ ಇತ್ತು, ತೆಗೆದೆ.

ಉಳಿದದ್ದು ಎರಡು. ಒಂದು ಮೆಷಿನ್‌ನಲ್ಲಿ ಲಾಗಿನ್ ಪರದೆಯಲ್ಲೇ ಪಾಸ್‌ವರ್ಡ್ ತೆಗೆದುಕೊಳ್ಳುತ್ತಿಲ್ಲ. ಇನ್ನೊಂದರಲ್ಲಿ ಕನ್ನಡ ಸರಿಯಾಗಿಯೇ ಬರುತ್ತದೆ, ಇಂಗ್ಲಿಷ್‌ನಲ್ಲಿ ಜೋಡಿ ಅಕ್ಷರ ಬಂದ ಕಡೆ ಒಂದೇ ಮೂಡುತ್ತದೆ.

---

ತುಂಗಾತೀರ:

ಲಾಗಿನ್ ಪರದೆ ನಿಮ್ಮ ಖಾತೆಯದಲ್ಲ. ಅದನ್ನು ತೋರಿಸುವ ಜಿಡಿಎಂ ಎಂಬ ಪ್ರೋಗ್ರಾಂ ತನ್ನದೇ ಆದ ಬೇರೆ ಬಳಕೆದಾರನಾಗಿ ಓಡುತ್ತದೆ, ಅದರ ಸೆಟ್ಟಿಂಗ್ ಬೇರೆ. ಒಳಗೆ ಹೋಗಿ ಎಷ್ಟು ಸರಿಮಾಡಿದರೂ ಹೊರಗಿನದು ಹಾಗೇ ಉಳಿಯುತ್ತದೆ. ಲಾಗಿನ್ ಪರದೆಯ ಮೇಲ್ಪಟ್ಟಿಯಲ್ಲಿ ಮನುಷ್ಯಾಕೃತಿಯ ಚಿಹ್ನೆ ಇದೆ, ಅದನ್ನು ಒತ್ತಿ ಪಟ್ಟಿಯಲ್ಲಿ ಸ್ಲೋ ಕೀಸ್, ಸ್ಟಿಕಿ ಕೀಸ್ ಎರಡನ್ನೂ ಅಲ್ಲೇ ಆಫ್ ಮಾಡಿ.

ಎರಡನೆಯದು ಬೌನ್ಸ್ ಕೀಸ್. ಒಂದೇ ಕೀಯನ್ನು ಬೇಗನೆ ಎರಡು ಸಲ ಒತ್ತಿದರೆ ಎರಡನೆಯದನ್ನು ಬಿಟ್ಟುಬಿಡುತ್ತದೆ. ಕನ್ನಡದಲ್ಲಿ ಗೊತ್ತಾಗದಿರುವುದಕ್ಕೆ ಕಾರಣ ಇದೆ: ಇನ್‌ಸ್ಕ್ರಿಪ್ಟ್‌ನಲ್ಲಿ ‘ಅಪ್ಪ’ ಬರೆಯುವಾಗ ಪ ಆದ ಮೇಲೆ ಹಲಂತಕ್ಕೆ ಡಿ ಕೀ, ಆಮೇಲೆ ಮತ್ತೆ ಪ. ಒತ್ತಕ್ಷರದ ನಡುವೆ ಯಾವಾಗಲೂ ಬೇರೆ ಕೀ ಬರುವುದರಿಂದ ಬೌನ್ಸ್ ಕೀಸ್ ತಡೆಯುವುದಿಲ್ಲ. ಕೆಜಿಪಿ (ನುಡಿಯಲ್ಲಿ ಬಳಸುವ) ವಿನ್ಯಾಸದಲ್ಲೂ ಹಾಗೇ, ಅಲ್ಲಿ ನಡುವಿನ ಕೀ ಎಫ್. ಕನ್ನಡ ಮಾತ್ರ ಟೈಪ್ ಮಾಡುವವರು ಪರೀಕ್ಷಿಸಬೇಕಾದರೆ ಬ್ಯಾಕ್‌ಸ್ಪೇಸನ್ನು ಟಪಟಪನೆ ಹತ್ತು ಸಲ ಒತ್ತಲಿ. ಹತ್ತಕ್ಕಿಂತ ಕಡಿಮೆ ಅಳಿಸಿದರೆ ಇದೇ ಎಂದು ತಿಳಿಯಿರಿ.

ಆರು ಮೆಷಿನ್‌ನಲ್ಲಿ ಒಂದೊಂದೇ ಹುಡುಕುವ ಬದಲು ಖಾತೆಯ ಒಳಗೆ ಇದನ್ನು ಕೊಡಿ:

ಜಿಸೆಟ್ಟಿಂಗ್ಸ್ ರಿಸೆಟ್-ರಿಕರ್ಸಿವ್ಲಿ ಆರ್ಗ್.ಗ್ನೋಮ್.ಡೆಸ್ಕ್‌ಟಾಪ್.ಎ11ವೈ.ಕೀಬೋರ್ಡ್

ನಡುವಿನ ಎ11ವೈ ಅಂದರೆ ಆಕ್ಸೆಸಿಬಿಲಿಟಿ ಪದದ ಮೊದಲ ಅಕ್ಷರ, ನಡುವೆ ಬಿಟ್ಟ 11 ಅಕ್ಷರಗಳ ಎಣಿಕೆ, ಕೊನೆಯ ಅಕ್ಷರ. 11 ಅಂಕೆಯಲ್ಲೇ ಬರೆಯಬೇಕು, ಅನೇಕರು ಅಲ್ಲಿ ಎರಡು ಎಲ್ ಹೊಡೆದು ಎಡವುತ್ತಾರೆ. ಸುಡೊ ಹಾಕಬೇಡಿ, ಹಾಕಿದರೆ ರೂಟ್ ಖಾತೆಯದು ಬದಲಾಗುತ್ತದೆ, ಓದುಗರದ್ದು ಹಾಗೇ ಇರುತ್ತದೆ.

---

ಬ್ರೈಲ್_ಬೆರಳು:

ಒಂದು ವಿನಂತಿ, ಗ್ರಂಥಾಲಯ ಎಂದಿದ್ದಕ್ಕೆ. ಡಿಕಾನ್ಫ್‌ನಲ್ಲಿ (ಗ್ನೋಮ್ ಸೆಟ್ಟಿಂಗ್‌ಗಳನ್ನು ಇಡುವ ಜಾಗ) ಈ ಸೆಟ್ಟಿಂಗ್‌ಗಳಿಗೆ ಬೀಗ ಹಾಕಿ ಯಾರೂ ಆನ್ ಮಾಡದಂತೆ ಮಾಡುವ ಸಲಹೆ ಎಲ್ಲ ಕಡೆ ಸಿಗುತ್ತದೆ. ದಯವಿಟ್ಟು ಮಾಡಬೇಡಿ. ಒಂದೇ ಕೈಯಲ್ಲಿ ಟೈಪ್ ಮಾಡುವವರಿಗೆ ಸ್ಟಿಕಿ ಕೀಸ್ ಇಲ್ಲದೆ ಕಂಟ್ರೋಲ್, ಆಲ್ಟ್, ಡಿಲೀಟ್ ಒಟ್ಟಿಗೆ ಒತ್ತುವುದೇ ಕಷ್ಟ. ಕಣ್ಣು ಕಾಣದವರಿಗೆ ಟಾಗಲ್ ಕೀಸ್‌ನ (ಕ್ಯಾಪ್ಸ್ ಲಾಕ್ ಒತ್ತಿದಾಗ ಸದ್ದು ಮಾಡುವ ಸೌಲಭ್ಯ) ಬೀಪ್ ಕ್ಯಾಪ್ಸ್ ಲಾಕ್ ಬಿದ್ದಿದೆ ಎಂದು ಪಾಸ್‌ವರ್ಡ್ ಪೆಟ್ಟಿಗೆಯಲ್ಲಿ ತಿಳಿಸಬಲ್ಲದು. ಅಲ್ಲಿ ಹೊಡೆದ ಅಕ್ಷರವನ್ನು ಸ್ಕ್ರೀನ್ ರೀಡರ್ ಓದಿ ಹೇಳುವುದಿಲ್ಲ.

ನಿಮ್ಮಲ್ಲಿ ನಿಜವಾದ ತೊಡಕು ಒಂದೇ ಖಾತೆಯನ್ನು ಎಲ್ಲರೂ ಬಳಸುವುದು: ಬೆಳಗ್ಗೆ ಬಂದವರ ಆಯ್ಕೆ ಮಧ್ಯಾಹ್ನ ಬಂದವರ ತಲೆಗೆ. ತುಂಗಾತೀರ ಅವರು ಕೊಟ್ಟ ರಿಸೆಟ್ ಕಮಾಂಡನ್ನು ಲಾಗಿನ್ ಆದಾಗಲೆಲ್ಲ ಓಡುವಂತೆ ಆಟೋಸ್ಟಾರ್ಟ್‌ಗೆ ಹಾಕಿ: ಖಾತೆಯ ಚುಕ್ಕಿ ಕಾನ್ಫಿಗ್ ಫೋಲ್ಡರ್, ಅದರೊಳಗೆ ಆಟೋಸ್ಟಾರ್ಟ್, ಅಲ್ಲಿ ‘.ಡೆಸ್ಕ್‌ಟಾಪ್’ ಎಂದು ಮುಗಿಯುವ ಫೈಲ್, ಅದರ ಎಕ್ಸೆಕ್ ಸಾಲಿನಲ್ಲಿ ಆ ಕಮಾಂಡ್. ಪ್ರತಿ ಓದುಗರಿಗೂ ಹಸನಾದ ಕೀಬೋರ್ಡ್ ಸಿಗುತ್ತದೆ.

ಜೊತೆಗೆ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ಪುಟದಲ್ಲಿ, ಆ ಮೆನು ಮೇಲ್ಪಟ್ಟಿಯಲ್ಲಿ ಯಾವಾಗಲೂ ಕಾಣುವಂತೆ ಮಾಡುವ ಸ್ವಿಚ್ಚನ್ನು ಆನ್ ಮಾಡಿಡಿ. ಅದು ಕೀಬೋರ್ಡ್ ಗುಂಪಿಗೆ ಸೇರಿಲ್ಲ, ರಿಸೆಟ್ ಆದರೂ ಉಳಿಯುತ್ತದೆ. ಬೇಕಾದವರು ಎರಡು ಕ್ಲಿಕ್‌ನಲ್ಲಿ ಸ್ಟಿಕಿ ಕೀಸ್ ಹಾಕಿಕೊಳ್ಳಬಹುದು. ಕಲಿಯುವವರು ಶಿಫ್ಟ್ ಹಿಡಿದು ಎಷ್ಟು ಹೊತ್ತು ಹುಡುಕಿದರೂ ಏನೂ ಆಗುವುದಿಲ್ಲ.

---

ಮಲೆನಾಡ_ಮಳೆ:

ಗ್ನೋಮ್ ಬದಲು ಕೆಡಿಇ ಡೆಸ್ಕ್‌ಟಾಪ್ ಬಳಸುವವರು ಈ ಚರ್ಚೆಗೆ ಬಂದರೆ: ಸಿಸ್ಟಮ್ ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ. ಸದ್ದು ‘ಬೆಲ್’ ವಿಭಾಗದಲ್ಲಿ. ಅಲ್ಲೇ ಸದ್ದಿನ ಬದಲು ಪರದೆ ಮಿಂಚುವಂತೆಯೂ ಮಾಡಬಹುದು, ಕಿವಿ ಕೇಳದವರಿಗೆ ಅದೇ ಬೇಕು. ಗ್ನೋಮ್‌ನಲ್ಲೂ ‘ವಿಷುಯಲ್ ಅಲರ್ಟ್ಸ್’ ಹೆಸರಿನಲ್ಲಿ ಆಕ್ಸೆಸಿಬಿಲಿಟಿ ಒಳಗಿದೆ.

---

ಕೀಲಿಮಣೆ_ಕಲಿಕೆ:

ಲಾಗಿನ್ ಪರದೆಯಲ್ಲಿ ಸ್ಲೋ ಕೀಸ್ ಆನ್ ಇತ್ತು, ಆ ಚಿಹ್ನೆಯಿಂದಲೇ ತೆಗೆದೆ, ಪಾಸ್‌ವರ್ಡ್ ತೆಗೆದುಕೊಂಡಿತು. ಆಟೋಸ್ಟಾರ್ಟ್ ಆರರಲ್ಲೂ ಹಾಕಿಯಾಯಿತು. ಸ್ಲೋ ಕೀಸ್ ಬೇಕೆಂದೇ ಆನ್ ಮಾಡಿ ಲಾಗೌಟ್ ಆಗಿ ಬಂದು ನೋಡಿದೆ, ಆಫ್ ಆಗಿದೆ. ಮೇಲ್ಪಟ್ಟಿಯ ಮೆನು ಹಾಗೇ ಇದೆ. ಬೀಗ ಹಾಕಿಲ್ಲ.