ಅಪ್‌ಡೇಟ್: ಸೊಸೆಯ ಚಿತ್ರಲಿಪಿ ಬಿಡಿಸಿದೆ!

ಕಲಬುರಗಿಯಲ್ಲಿ ಅಕ್ಕನ ಮಗಳು ಒಂದು ಚೀಟಿ ಕೊಟ್ಟಿದ್ದಳು, ಅಕ್ಷರದ ಬದಲು ಬರೀ ಚಿತ್ರಗಳು. ಬಿಡಿಸೋದು ಹೇಗೆ ಅಂತ ಕೇಳಿದ್ದೆ, ಅಲ್ವಾ? ಯಾವ ಚಿತ್ರ ಜಾಸ್ತಿ ಬಂದಿದೆ ಎಣಿಸಿ, ಭಾಷೆಯಲ್ಲಿ ಜಾಸ್ತಿ ಬರೋ ಅಕ್ಷರ ಅದೇ ಇರಬಹುದು ಅಂದಿದ್ದಿರಿ. ಒಂಬತ್ತನೇ ಶತಮಾನದಲ್ಲೇ ಬಾಗ್ದಾದಿನ ವಿದ್ವಾಂಸ ಅಲ್ ಕಿಂದಿ ಬರೆದಿಟ್ಟ ಉಪಾಯ ಅದು. ಎಣಿಸಿದೆ. 16 ಚಿತ್ರ, ಅದರಲ್ಲಿ 15 ಬೇರೆ ಬೇರೆ! ಎಣಿಸಿ ಏನು ಬಂತು?

ಎರಡು ದಿನ ಸುಮ್ನೆ ತಲೆ ಕೆಡಿಸಿಕೊಂಡೆ. ಆಮೇಲೆ ರೊಟ್ಟಿಯ ಚಿತ್ರ ದಿಟ್ಟಿಸಿ ನೋಡಿದೆ. ಒಂದು ಕಡೆ ಅದಕ್ಕೆ ಬಾಲ, ಇನ್ನೊಂದು ಕಡೆ ತಲೆ ಮೇಲೆ ಟೋಪಿ, ಮತ್ತೊಂದು ಕಡೆ ಏನೂ ಇಲ್ಲ. ಅಂದರೆ ರೊಟ್ಟಿ ವ್ಯಂಜನ, ಬಾಲ ಟೋಪಿ ಎಲ್ಲ ಕಾಗುಣಿತ! ಅವನ್ನೆಲ್ಲ ಕಿತ್ತು ಹಾಕಿದರೆ ಉಳಿದದ್ದು ಒಂಬತ್ತೇ ಚಿತ್ರ. ರೊಟ್ಟಿ ನಾಲ್ಕು ಸಲ, ತೊಗರಿಕಾಯಿ ಮೂರು ಸಲ.

ಶುರುವಿನಲ್ಲೇ ಬಾಲದ ರೊಟ್ಟಿ ಎರಡು ಸಲ ಒತ್ತೊತ್ತಾಗಿ ಇತ್ತು. ಅವಳು ನನ್ನನ್ನು ಕರೆಯೋದು ಹೇಗೆ? ‘ಮಾಮಾ’! ಹಾಗಾದರೆ ರೊಟ್ಟಿ ‘ಮ’, ಬಾಲ ‘ಆ’. ಟೋಪಿ ‘ಇ’ ಇರಬಹುದು ಅಂತ ಹಾಕಿ ನೋಡಿದೆ. ನಾಲ್ಕನೇ ಪದ ಸ್ವಲ್ಪ ಸತಾಯಿಸಿತು, ಒತ್ತಕ್ಷರಕ್ಕೆ ಗುರುತೇ ಇಟ್ಟಿರಲಿಲ್ಲ ಪೋರಿ. ಕೊನೆಗೆ ಸಿಕ್ಕಿತು:

‘ಮಾಮಾ ಮನಿಗಿ ಬರುವಾಗ ಮಿರ್ಚಿ ತಗೊಂಡು ಬಾ’

ಚೀಟಿ ಕೊಟ್ಟಿದ್ದು ಸೋಮವಾರ. ಮಿರ್ಚಿ ಬಜ್ಜಿ ಒಯ್ದದ್ದು ಗುರುವಾರ, ಊರಿನ ಸೂಪರ್ ಮಾರ್ಕೆಟ್ ಬಜಾರಿನಿಂದ, ಬಿಸಿ ಬಿಸಿ. ‘ಇಷ್ಟ್ ತಡಾ ಯಾಕ್ ಮಾಮಾ?’ ಅಂದಳು. ಇನ್ನೊಂದು ಚೀಟಿ ಆಗಲೇ ಕೈಗಿಟ್ಟಿದ್ದಾಳೆ. ಇದರಲ್ಲಿ ರೊಟ್ಟಿಯೇ ಇಲ್ಲ.